ಡಾಕ್ಟರರ ದನಿ

“ಈ ದನಿ ಮನಿ ಮಂದಿ ಒಪ್ಯಾರ ಅಂತ ನಿಮ್ಮ ಪ್ರಬಂಧದಾಗ ಯಾರನ್ನ ಕೇಳಿ ಬರದ್ರಿ, ಸಾಹೇಬ್ರ? ಪೂರಾ ಸುಳ್ಳು” ಎಂದು ಈರಪ್ಪ ಮೇಜು ಗುದ್ದಿದ.

ಆ ಸಿಟ್ಟೂ ಡಾಕ್ಟರ್ ವೃಷಭನಾಥರ ದನಿಯಲ್ಲೇ ಹೊರಬಂತು. ಕ್ಯಾನ್ಸರಿನಿಂದ ಧ್ವನಿಪೆಟ್ಟಿಗೆ ಕಳೆದುಕೊಂಡವರ ಕೊರಳಿಗೆ, ಆಪರೇಷನ್ ಮಾಡಿದ ಡಾಕ್ಟರರದೇ ದನಿಯಲ್ಲಿ ಮಾತಾಡಿಸುವ ಯಂತ್ರದ ಪಟ್ಟಿ ಕಟ್ಟಿ ಕಳಿಸುವುದು ಎಲ್ಲ ಆಸ್ಪತ್ರೆಗಳ ವಾಡಿಕೆ. ಹೊರಗೆ ಬೆಂಚಿನ ಮೇಲೆ ಮೂವರು ರೋಗಿಗಳು ಅದೇ ದನಿಯಲ್ಲಿ ಪಾಳಿಗಾಗಿ ಜಗಳವಾಡುತ್ತಿದ್ದರು. ಯಾರೂ ತಿರುಗಿ ನೋಡಲಿಲ್ಲ.

“ಮಾತು ಬಂತಲ್ಲ ಮಾರಾಯ, ಇನ್ನೇನು ಬೇಕು? ತಲೆ, ಕುತ್ತಿಗೆ ಕ್ಯಾನ್ಸರಿನ ಮೇಲೆ ನೂರು ಪ್ರಬಂಧ ಬರೆದವನು ನಾನು. ನನಗೆ ಕಲಿಸಬೇಡ.”

“ನೂರು ಬರದ್ರೂ ನಮ್ಮ ಮನಿಗೆ ಒಮ್ಮಿ ಬಂದು ನೋಡಿಲ್ಲ. ನಾ ಕರದ್ರ ಇಕಿ ಸೆರಗು ಹೊದ್ಕೊಂಡು ಎದ್ದು ನಿಲ್ತಾಳ, ಪರಗಂಡಸು ಬಂದಂಗ. ದೀಪ ಆರಿಸಿದ ಮ್ಯಾಲ ನಾ ಮಾತಾಡೂದ ಬಿಟ್ಟೀನಿ.”

ಬಾಗಿಲ ಬಳಿ ನಿಂತಿದ್ದ ಅವನ ಹೆಂಡತಿ ಕಲ್ಲವ್ವ ನೆಲ ನೋಡಿದಳು. ಡಾಕ್ಟರರು ಅವಳತ್ತ ತಿರುಗಿದರು.

“ರೂಢಿಯಾಗುತ್ತೆ ತಾಯಿ.”

ಅಷ್ಟಕ್ಕೇ ಅವಳ ಕೈ ಸೆರಗಿಗೆ ಹೋಯಿತು. ಬೇರೆಯವರ ಮಲಗುವ ಕೋಣೆಯಲ್ಲಿ ಸಿಕ್ಕಿಬಿದ್ದವರ ಹಾಗೆ ಡಾಕ್ಟರರು ನಾಚಿ ತಲೆ ತಗ್ಗಿಸಿದರು.

ಈರಪ್ಪ ಪಟ್ಟಿ ಬಿಚ್ಚಿ ಮೇಜಿನ ಮೇಲಿಟ್ಟ. ಕಲ್ಲವ್ವನ ಹೆಗಲು ಮುಟ್ಟಿ ಮೂಗನಾಗಿ ಹೊರಟ. ಕ್ಯಾನ್ಸರ್ ಮರುಕಳಿಸಿದೆಯೇ ಎಂದು ನೋಡುವ ತಪಾಸಣೆ ತಪ್ಪಿಸಬೇಡವೆಂದು ಅವನಿಗೆ ಕೂಗಿ ಹೇಳಬೇಕಿತ್ತು. ಕೂಗಿದರೆ ಅವಳು ಮತ್ತೆ ಸೆರಗೆಳೆದುಕೊಳ್ಳುತ್ತಾಳೆಂದು ಡಾಕ್ಟರರು ಬಾಯಿ ಬಿಡಲಿಲ್ಲ.

ಅವರಿಬ್ಬರೂ ಮತ್ತೆಂದೂ ಆಸ್ಪತ್ರೆಗೆ ಬರಲಿಲ್ಲ.