ತಂತಿ ಉದುರದ ಬ್ರಷ್

ತುಕ್ಕಿನ ಪುಡಿಯ ವಾಸನೆ ಬಂದರೆ ಈಗಲೂ ನನಗೆ ಬೆಳಗಾವಿಯ ಒಂದು ಮಧ್ಯಾಹ್ನ ನೆನಪಾಗುತ್ತದೆ.

ಖಾನಾಪುರದ ನಮ್ಮ ಮನೆಯ ಹಿತ್ತಲಲ್ಲಿ ಅಪ್ಪ ಕಿಟಕಿಯ ಗ್ರಿಲ್ಲು, ಗೇಟು ಮಾಡುತ್ತಿದ್ದ. ಬಣ್ಣ ಹಚ್ಚುವ ಮೊದಲು ತಂತಿ ಬ್ರಷ್ಷಿನಿಂದ ತುಕ್ಕು ತಿಕ್ಕುವುದು ಅವ್ವನ ಕೆಲಸ. ಅಪ್ಪ ತಂದ ಹೊಸ ಬ್ರಷ್ಷಿನ ತಂತಿಗಳು ಉದುರುತ್ತಿವೆ ಎಂದು ಅವಳು ಹೇಳಿದಾಗ, “ನಿನಗೇನ್ ತಿಳಿತೈತಿ, ಸುಮ್ನ ತಿಕ್ಕು” ಎಂದಿದ್ದ. ಅದೇ ಸಂಜೆ ಒಂದು ತಂತಿ ಸಿಡಿದು ಅವಳ ಕಣ್ಣಿನ ಕೆಳಗೆ ನಾಟಿತು. ಸ್ವಲ್ಪದರಲ್ಲೇ ಕಣ್ಣು ಉಳಿಯಿತು.

ಮತ್ತೆ ಬ್ರಷ್ ತರಲು ಅಪ್ಪ ಹೊರಟಾಗ ಅವ್ವ, “ನಾನೂ ಬರ್ತೀನಿ” ಎಂದಳು. ಕೆನ್ನೆಯ ಪಟ್ಟಿ ಇನ್ನೂ ಬಿಚ್ಚಿರಲಿಲ್ಲ. ಅಪ್ಪ ಬೇಡವೆನ್ನಲಿಲ್ಲ. ನನ್ನನ್ನೂ ಕರೆದುಕೊಂಡು ಹೋದರು.

ಬೆಳಗಾವಿಯ ಅಂಗಡಿಯವನು ಬ್ರಷ್ಷುಗಳನ್ನು ಅಪ್ಪನ ಮುಂದೆ ಹರವಿದ. ಅಪ್ಪ ಅವನ್ನು ಅವ್ವನತ್ತ ಸರಿಸಿ, “ಆಕಿ ನೋಡ್ತಾಳ್ರಿ” ಎಂದ. ಅವಳು ಒಂದೊಂದರ ತಂತಿಯನ್ನೂ ಬೆರಳಿನಿಂದ ಎಳೆದು ನೋಡಿ, ಕಿತ್ತು ಬಂದದ್ದನ್ನು ಪಕ್ಕಕ್ಕಿಟ್ಟಳು.

“ಮಾರಿಗೇನಾತ್ರಿ ಅಕ್ಕಾರ?” ಅಂಗಡಿಯವನು ಪಟ್ಟಿ ನೋಡಿ ಕೇಳಿದ.

ಅವ್ವ ಇನ್ನೊಂದು ಬ್ರಷ್ಷಿನ ತಂತಿ ಎಳೆದು ನೋಡಿದಳು.

“ನಾ ತಂದ ಬ್ರಷ್ಷಿಂದು ತಂತಿ ಬಡೀತ್ರಿ” ಎಂದ ಅಪ್ಪ. “ಆಕಿ ಮೊದಲ ಹೇಳಿದ್ಳು. ನಾ ಕೇಳಲಿಲ್ಲ.”

ಬೇರೆ ಗಿರಾಕಿಗಳು ತಿರುಗಿ ನೋಡಿದರು. ಅಪ್ಪನ ಕಿವಿಗಳು ಕೆಂಪಾಗಿದ್ದವು. ಮನೆಯಲ್ಲಿ ಎಂದೂ ದನಿ ತಗ್ಗಿಸದ ಅವನ ಮುಖ ನೋಡಲಾಗದೆ ನಾನು ಗೋಡೆಗೆ ತೂಗುಹಾಕಿದ್ದ ಗರಗಸಗಳನ್ನು ನೋಡುತ್ತ ನಿಂತೆ.

ಅವ್ವ ಮರದ ದಪ್ಪ ಹಿಡಿಯ ಬ್ರಷ್ಷೊಂದನ್ನು ಆರಿಸಿದಳು. ಕಣ್ಣಿಗೆ ತಂತಿ ಸಿಡಿಯದಂತೆ ಅಪ್ಪ ಅವಳ ಅಳತೆಯ ಗಾಗಲನ್ನೂ ಕೇಳಿ ಖರೀದಿಸಿದ.

ಮರಳುವ ಬಸ್ಸಿನಲ್ಲಿ ಅವ್ವ ತನ್ನ ಪಕ್ಕದ ಖಾಲಿ ಜಾಗ ತೋರಿಸಿ, “ಕುಂದರ್ರಿ” ಎಂದಳು. ಅಪ್ಪ ಅವಳ ಕೆನ್ನೆಯ ಪಟ್ಟಿಯನ್ನೊಮ್ಮೆ ನೋಡಿ, ಕಂಬಿ ಹಿಡಿದು ಖಾನಾಪುರದ ತನಕ ನಿಂತೇ ಬಂದ.