ಹಸಿರು ಬೀದಿ

"ಇಲ್ಲಿ ಅಕ್ಕ ಅನ್ನಲಾ, ಮೇಡಂ ಅನ್ನಲಾ?"

ತಂಗಿ ನಾಲ್ಕಾಗಿ ಮಡಚಿದ್ದ ಪತ್ರವನ್ನು ಬಿಡಿಸಿ ಅಕ್ಕನ ಕಚೇರಿಯ ಮೇಜಿನ ಮೇಲಿಟ್ಟಳು. ಅಕ್ಕ ಕನ್ನಡಕ ಏರಿಸಿಕೊಂಡಳು. 'ನಮ್ಮ ದಾಖಲೆಗಳ ಪ್ರಕಾರ ತಮ್ಮ ಬೀದಿಯಲ್ಲಿ ಬ್ರಾಡ್‌ಬ್ಯಾಂಡ್ ಸೌಲಭ್ಯ ಲಭ್ಯವಿರುತ್ತದೆ. ಆದ್ದರಿಂದ ತಮ್ಮ ದೂರನ್ನು ಮುಕ್ತಾಯಗೊಳಿಸಲಾಗಿದೆ.' ಕೆಳಗಿದ್ದ ಸಹಿ ತನ್ನದೇ. ಮಂಗಳವಾರ ಊಟ ಮುಗಿಸಿ ಬಂದು ಒಂದೇ ಉಸಿರಿಗೆ ನಲವತ್ತು ಪತ್ರಗಳಿಗೆ ಹಾಕಿದ್ದ ಸಹಿ. ವಿಳಾಸ ನೋಡಲು ಅವಳು ಹೋಗಿರಲಿಲ್ಲ.

"ದೂರು ಕೊಟ್ಟಿದ್ದೀನಿ ಅಂತ ನನಗೆ ಒಂದು ಮಾತು ಹೇಳಬಾರದಾಗಿತ್ತೇನೇ?"

"ಯಾಕೆ? ಕಚೇರಿಯಲ್ಲಿ ಅಕ್ಕ ಇಲ್ಲದವರು ದೂರು ಕೊಡೋದೇ ಇಲ್ವಾ?"

ಅಕ್ಕ ಸುತ್ತ ನೋಡಿದಳು. ಪಕ್ಕದ ಮೇಜಿನವನು ಕಿವಿ ಇತ್ತ ಕೊಟ್ಟೇ ಸ್ಟೇಪ್ಲರ್‌ಗೆ ಪಿನ್ನು ತುಂಬುತ್ತಿದ್ದ. ತಂಗಿ ದನಿ ತಗ್ಗಿಸಲಿಲ್ಲ. ಹನ್ನೊಂದು ವರ್ಷದಿಂದ ಅವಳು ಮನೆಯಲ್ಲೇ ಕುಳಿತು, ವೈದ್ಯರು ರೆಕಾರ್ಡ್ ಮಾಡಿದ ಮಾತನ್ನು ಕಿವಿಯಲ್ಲಿ ಕೇಳುತ್ತಾ ಆಸ್ಪತ್ರೆಗೆ ಟೈಪ್ ಮಾಡಿಕೊಡುತ್ತಿದ್ದಳು. ಇಷ್ಟು ದಿನ ಆಸ್ಪತ್ರೆಯವರೇ ಪೆನ್‌ಡ್ರೈವ್ ಕಳಿಸುತ್ತಿದ್ದರು. ಮುಂದಿನ ತಿಂಗಳಿಂದ ಎಲ್ಲವೂ ಇಂಟರ್‌ನೆಟ್ಟಿನಲ್ಲಿ ಬರುತ್ತದೆ, ಗಂಟೆಯೊಳಗೆ ವಾಪಸು ಹೋಗಬೇಕು. "ಮೊಬೈಲ್ ಹಿಡ್ಕೊಂಡು ಟೆರೇಸ್ ಹತ್ತಿ ನಿಂತ್ರೆ ಒಂದು ಫೈಲ್ ಇಳಿಯೋಕೆ ಮುಕ್ಕಾಲು ಗಂಟೆ ಬೇಕು. ಲೈನ್ ಬರುತ್ತೆ ಅಂತ ನಿಮ್ಮ ಕಚೇರಿಯ ಒಂದು ಕಾಗದ ತೋರಿಸಿದ್ರೆ ಮೂರು ತಿಂಗಳು ಕಾಯ್ತಾರಂತೆ. ಇಲ್ಲಾಂದ್ರೆ ಶನಿವಾರಕ್ಕೆ ನನ್ನ ಲೆಕ್ಕ ಮುಗೀತು. ಆ ಮನೇಲಿ ನನ್ನದು ಅಂತ ಇರೋದು ಈ ಕೆಲಸ ಒಂದೇ, ಅಕ್ಕ."

ಅಕ್ಕನಿಗೆ ಗೊತ್ತಿಲ್ಲದ್ದೇನಲ್ಲ. ಅಮ್ಮ ಹಾಸಿಗೆ ಹಿಡಿದ ಏಳು ವರ್ಷ ಪಕ್ಕದಲ್ಲಿ ಕುಳಿತವಳು ಇವಳು. ಟೈಪಿಂಗ್ ಕಲಿತದ್ದೂ ಆ ಮಂಚದ ಬದಿಯಲ್ಲೇ. ಶಾಲೆಯಲ್ಲಿ ಹೆಚ್ಚು ಅಂಕ ತೆಗೆಯುತ್ತಿದ್ದವಳು ತಂಗಿ. ಪರೀಕ್ಷೆ ಬರೆದು ಈ ಕುರ್ಚಿಗೆ ಬಂದವಳು ಅಕ್ಕ. ಭಾನುವಾರ ಮಾತ್ರ ಅಮ್ಮನನ್ನು ನೋಡಿಕೊಳ್ಳುವ ಸರದಿ ಅಕ್ಕನದಾಗಿತ್ತು.

ಅಕ್ಕ ಕಂಪ್ಯೂಟರಿನಲ್ಲಿ ನಕ್ಷೆ ತೆರೆದಳು. ತಂಗಿಯ ಬೀದಿ ಈ ತುದಿಯಿಂದ ಆ ತುದಿಯವರೆಗೆ ಹಸಿರು. ಸರ್ಕಾರ ತಂತಿ ಎಳೆಸುವುದು ಲೈನ್ ಇಲ್ಲದ ಕೆಂಪು ಬೀದಿಗಳಿಗೆ ಮಾತ್ರ.

"ಬೀದಿಯಲ್ಲಿ ಒಂದು ಮನೆಗೆ ಲೈನ್ ಇದ್ರೆ ಸಾಕು, ಇಡೀ ಬೀದಿ ಹಸಿರು. ಅದು ನಿಯಮ ಕಣೇ."

"ಯಾರಪ್ಪ ಆ ಪುಣ್ಯಾತ್ಮರು? ಮನೆ ನಂಬರ್ ಕೊಡು. ಅವರ ಮೆಟ್ಟಿಲ ಮೇಲೆ ಕೂತಾದ್ರೂ ಟೈಪ್ ಮಾಡ್ತೀನಿ."

ಅಕ್ಕ ಸಮೀಕ್ಷೆಯ ಪಟ್ಟಿ ತೆಗೆದಳು. ಇಪ್ಪತ್ಮೂರು ಮನೆ. ಒಂದೇ ಒಂದು ಟಿಕ್. ಬೆರಳು ಅದರ ಎದುರಿನ ನಂಬರಿಗೆ ಬಂದು ನಿಂತಿತು, ಕದಲಲಿಲ್ಲ.

"ಯಾರದು, ಹೇಳೇ."

"ನಿನ್ನದೇ."

ತಂಗಿಯ ಮನೆ ಗೋಡೆಯ ಮೇಲಿನ ಆ ಬಿಳಿ ಬ್ರಾಡ್‌ಬ್ಯಾಂಡ್ ಡಬ್ಬಿ! ಎರಡು ವರ್ಷದ ಹಿಂದೆ ಅಕ್ಕನೇ ಕಂಪನಿಯವರಿಗೆ ಫೋನಿನ ಮೇಲೆ ಫೋನು ಮಾಡಿ, ಬೀದಿಗೆಲ್ಲ ಮೊದಲು ತಂಗಿಯ ಮನೆಗೇ ಹಾಕಿಸಿದ್ದಳು. ಡಬ್ಬಿ ಜಡಿದವನು "ತಂತಿ ಮುಂದಿನ ವಾರ" ಎಂದು ಹೋದವನು ಹೋಗಿಯೇ ಹೋದ. ಆಮೇಲೆ ಬಂದ ಸಮೀಕ್ಷೆಯವನು ಬಾಗಿಲಲ್ಲೇ ನಿಂತು ಡಬ್ಬಿ ನೋಡಿದ್ದ, ನೀರು ಕೇಳಿ ಕುಡಿದಿದ್ದ, ಟಿಕ್ ಹಾಕಿದ್ದ. ಈಗ ಆ ಡಬ್ಬಿಯ ಮೇಲೆ ತಂಗಿ ಬೀಗದಕೈ ಇಡುತ್ತಾಳೆ.

ಅಕ್ಕ ಪಟ್ಟಿ ಹಿಡಿದುಕೊಂಡು ಸಾಹೇಬರ ಬಳಿಗೆ ಹೋದಳು. ಅವರು ತಲೆಯೆತ್ತದೆ ಕೇಳಿಸಿಕೊಂಡರು.

"ಲೈನ್ ಇಲ್ಲ ಅನ್ನೋದಕ್ಕೆ ಕಂಪನಿಯಿಂದ ಸಂಪರ್ಕ ಕಡಿತದ ಪತ್ರ ತರ್ಲಿ. ಬದಲಾಯಿಸೋಣ."

"ಕೊಟ್ಟೇ ಇಲ್ಲದ್ದನ್ನ ಕಡಿದೆವು ಅಂತ ಅವರು ಹೇಗೆ ಸಾರ್ ಬರ್ಕೊಡ್ತಾರೆ?"

"ಅದು ಅವರ ತಲೆನೋವು. ನಕ್ಷೆ ಆಗಲೇ ಮೇಲಕ್ಕೆ ಹೋಗಿದೆ ಮೇಡಂ. ಹೋದ ವಾರ ಇದ್ದ ಹಸಿರು ಈ ವಾರ ಎಲ್ಲಿ ಹೋಯ್ತು ಅಂದ್ರೆ ನೀವು ಹೇಳ್ತೀರಾ, ನಾನು ಹೇಳ್ಲಾ?" ಅಷ್ಟು ಹೇಳಿ, "ಉಳಿದ ಪತ್ರಗಳು ಐದರೊಳಗೆ ಹೋಗ್ಬೇಕು," ಎಂದರು.

ಅವಳು ಹಿಂದಿರುಗಿ ಬರುವಷ್ಟರಲ್ಲಿ ತಂಗಿ ಎದ್ದು ನಿಂತಿದ್ದಳು. ಅಕ್ಕನ ಮುಖ ನೋಡಿಯೇ ಅವಳಿಗೆ ತಿಳಿಯಿತು. ಪತ್ರವನ್ನು ಮತ್ತೆ ನಾಲ್ಕಾಗಿ ಮಡಚಿ ಚೀಲಕ್ಕೆ ಹಾಕಿಕೊಂಡಳು.

"ಅಮ್ಮನಿಗೆ ಮಾತ್ರೆ ಕೊಟ್ಟಿದ್ದಕ್ಕೆ ಟಿಕ್ ಹಾಕ್ತಿದ್ದ ಚೀಟಿ ನೆನಪಿದೆಯಾ ಅಕ್ಕ? ಭಾನುವಾರ ನೀನು ಪುಸ್ತಕ ಹಿಡ್ಕೊಂಡು ಕೂತ್ಕೊಳ್ಳೋಕೆ ಮುಂಚೆ, ಬೆಳಿಗ್ಗೇನೇ ನಾಲ್ಕೂ ಹೊತ್ತಿಗೆ ಒಟ್ಟಿಗೆ ಟಿಕ್ ಹಾಕಿಬಿಡ್ತಿದ್ದೆ."

ತಂಗಿ ಚೀಲ ಹೆಗಲಿಗೇರಿಸಿಕೊಂಡಳು.

"ಸೋಮವಾರ ಮಂಚದ ಕೆಳಗೆ ಗುಡಿಸುವಾಗ ಅಮ್ಮ ನುಂಗದೆ ಬಿಟ್ಟ ಮಾತ್ರೆ ಸಿಗ್ತಿತ್ತು. ನಿನಗೆ ಹೇಳಿರ್ಲಿಲ್ಲ. ಓದ್ತಿದ್ದೀಯಲ್ಲ ಅಂತ."

ತಂಗಿಯ ಚಪ್ಪಲಿಯ ಸದ್ದು ಮೆಟ್ಟಿಲಿಳಿದು ಮರೆಯಾಯಿತು. ಪಕ್ಕದವನು ಸ್ಟೇಪ್ಲರ್ ಟಕ್ಕೆನ್ನಿಸಿದ. ಅಕ್ಕ ಕಟ್ಟಿನಿಂದ ಮುಂದಿನ ಪತ್ರ ಎಳೆದುಕೊಂಡಳು. ಅದೇ ಬೀದಿ, ತಂಗಿಯ ಎದುರು ಮನೆ. ಈ ಸಲ ಹೆಸರು, ಮನೆ ನಂಬರು, ಕೆಳಗೆ ಲಗತ್ತಿಸಿದ್ದ ಆ ಮನೆಯವರ ಎರಡು ಪುಟದ ದೂರು, ಒಂದಕ್ಷರವೂ ಬಿಡದೆ ಓದಿದಳು.

ಓದಿ, ಸಹಿ ಹಾಕಿದಳು.