ಚೌಕಳಿ ಬಟ್ಟೆ

ಸ್ಟೇಷನ್ ಮುಂದಿನ ಸರ್ಕಲ್ಲನ್ನು ಕಾರು ಐದನೇ ಸಲ ಸುತ್ತಿದಾಗ ಹಿಂದಿನ ಸೀಟಿನಲ್ಲಿದ್ದ ಅಮ್ಮನಿಗೆ ತಡೆಯಲಾಗಲಿಲ್ಲ. “ಲೋ ದೊಡ್ಡೋನೇ, ಸ್ಟೇಷನ್ನು ಅಲ್ಲೇ ಇದೆ ಕಣೋ! ಆಗಿನಿಂದ ಬಂದು ಬಂದು ಹೋಗ್ತಾ ಇದೆ. ಒಳಗೆ ತಿರುಗಿಸೋ!”

“ತಡಿಯಮ್ಮ. ಈ ಸುತ್ತು ಹೋದ ಸುತ್ತಿಗಿಂತ ಎಷ್ಟು ನುಣ್ಣಗೆ ಬಂತು ನೋಡಿದ್ಯಾ?” ಅಂದ ದೊಡ್ಡ ಮಗ. ಅವನು ಟ್ರ್ಯಾಕಿನಲ್ಲಿ ರೇಸ್ ಓಡಿಸುವವನು. ರೇಸ್ ಮುಗಿಯಿತೆಂದು ಚೌಕಳಿ ಬಾವುಟ ಬೀಸುವ ತನಕ ಸುತ್ತುವುದು ಬಿಟ್ಟರೆ ಅವನಿಗೆ ಬೇರೇನೂ ಗೊತ್ತಿಲ್ಲ. ಮನೆಯಲ್ಲಿ ಊಟಕ್ಕೆ ಕೂರಿಸಬೇಕಾದರೂ ಅಮ್ಮ ಅಡುಗೆಮನೆಯ ಕಪ್ಪು ಬಿಳಿ ಚೌಕಳಿ ಬಟ್ಟೆ ಬೀಸಬೇಕು. ಇಲ್ಲದಿದ್ದರೆ ಮಹರಾಯ ಮೇಜಿನ ಸುತ್ತ ತಿರುಗುತ್ತಲೇ ಇರುತ್ತಾನೆ.

ಕಾರನ್ನು ಚಿಕ್ಕವನ ಕೈಗೆ ಕೊಡೋಣವೆಂದರೆ ಅವನದು ಇನ್ನೊಂದು ಗೋಳು. ಅವನು ರ‍್ಯಾಲಿಯವನು, ಕಾಡು ಗುಡ್ಡ ಕೆಸರು ಅನ್ನದೆ ನುಗ್ಗುವವನು. ಆದರೆ ಪಕ್ಕದಲ್ಲೊಬ್ಬರು ಕೂತು ಮುಂದಿನ ತಿರುವು ಎಂಥದೆಂದು ಹೇಳದಿದ್ದರೆ ಗೇರೇ ಹಾಕುವುದಿಲ್ಲ. ಮನೆಯಿಂದ ಹೊರಟಾಗ ಅವನೇ ಓಡಿಸಿದ್ದು. ದಾರಿ ಹೇಳುವುದು ತನ್ನ ಘನತೆಗೆ ಕಮ್ಮಿ ಎಂದು ದೊಡ್ಡವನು ಮುಖ ತಿರುಗಿಸಿದ. ಕೊನೆಗೆ ಅಮ್ಮನೇ “ಎಡಕ್ಕೆ” ಅಂದಳು.

“ಎಷ್ಟು ಎಡಕ್ಕಮ್ಮ? ಪೂರ್ತಿ ಮುರಿಯೋ ಒಂದನೇ ನಂಬರ್ ಎಡಕ್ಕಾ, ಸ್ವಲ್ಪವೇ ಬಾಗೋ ಆರನೇ ನಂಬರ್ ಎಡಕ್ಕಾ?”

“ಊಟ ಮಾಡದ ಕೈ ಕಡೆಗೆ ಕಣೋ, ಮುಂಡೇದೇ!” ಅನ್ನುವಷ್ಟರಲ್ಲಿ ಕಾರು ಎದುರುಮನೆಯ ಬೇಲಿಗೆ ನುಗ್ಗಿ, ಒಣಗಲು ಹಾಕಿದ್ದ ಬೆಡ್‌ಶೀಟ್ ಹೊದ್ದುಕೊಂಡು ಹಿತ್ತಿಲಿನಿಂದ ಆಚೆ ಬಂದಿತ್ತು. “ಎಷ್ಟು ಟೈಮ್ ಉಳೀತು ನೋಡು” ಅಂದ ಚಿಕ್ಕವನು. ಅಲ್ಲಿಗೆ ಸ್ಟೀರಿಂಗ್ ದೊಡ್ಡವನ ಪಾಲಾಯಿತು.

ರೈಲಿಗೆ ಇನ್ನು ಕಾಲು ಗಂಟೆ. ದಿನಕ್ಕೆ ಅದೊಂದೇ ರೈಲು. ಆ ತುದಿಯ ಊರಿನಲ್ಲಿ ಅಮ್ಮನ ತಂಗಿ ಕಾಯುತ್ತಿದ್ದಳು. “ಅಕ್ಕ, ಕಣ್ಣು ದಿನೇ ದಿನೇ ಮಂಜಾಗ್ತಿದೆ ಕಣೇ. ಪೂರ್ತಿ ಹೋಗೋ ಮುಂಚೆ ನಿನ್ನ ಮುಖ ಒಂದ್ಸಲ ನೋಡ್ಬೇಕು” ಎಂದು ಫೋನಿನಲ್ಲಿ ಅತ್ತಿದ್ದಳು. ಅಮ್ಮನ ಮಡಿಲಲ್ಲಿದ್ದ ಚೀಲದಲ್ಲಿ ಅಕ್ಕತಂಗಿ ಇಬ್ಬರೂ ಎರಡೆರಡು ಜಡೆ ಹಾಕಿಕೊಂಡು ನಿಂತ ಹಳೇ ಫೋಟೋ ಇತ್ತು. ಗಾಜು ಒಡೆಯದಿರಲೆಂದು ಅದನ್ನು ಸುತ್ತಿದ್ದು ಅದೇ ಚೌಕಳಿ ಬಟ್ಟೆಯಲ್ಲಿ.

ಅಯ್ಯೋ, ಹೌದಲ್ಲ! ಅಮ್ಮ ಬಟ್ಟೆ ಎಳೆದು ದೊಡ್ಡವನ ಮೂಗಿನ ಮುಂದೆಯೇ ಬೀಸಿದಳು.

“ಕಾರೊಳಗಿಂದ ಬೀಸಿದ್ರೆ ಲೆಕ್ಕಕ್ಕಿಲ್ಲಮ್ಮ. ರಸ್ತೆ ಪಕ್ಕದಲ್ಲಿ ನಿಂತು ಬೀಸ್ಬೇಕು.”

“ಸರಿ, ನಿಲ್ಸು. ಇಳಿದು ಬೀಸ್ತೀನಿ.”

“ಬಾವುಟ ಬೀಸದೆ ಹೇಗಮ್ಮ ನಿಲ್ಸೋದು?”

ಪಕ್ಕದ ಸೀಟಿನಲ್ಲಿದ್ದ ಚಿಕ್ಕವನು ಕಿಸಕ್ಕನೆ ನಕ್ಕ. “ಒಂದೇ ತಿರುವನ್ನ ನೂರು ಸಲ ತಿರುಗೋದು ಗಾಣದೆತ್ತಿಗೂ ಬರುತ್ತೆ ಬಿಡಣ್ಣ. ಒಂದೇ ಒಂದು ಸಲ ಕಾಣೋ ತಿರುವಿಗೆ, ಪಕ್ಕದವನ ಮಾತು ನಂಬಿ ನುಗ್ಗು ನೋಡೋಣ!”

“ನೂರು ಸಲವೂ ಒಂದು ಗೇಣು ತಪ್ಪದ ಹಾಗೆ ತಿರುಗು ನೀನು, ಹತ್ತು ಕಾರು ಬೆನ್ನಿಗೆ ಅಂಟಿಕೊಂಡಿರುವಾಗ!”

ಇಬ್ಬರು ಹೇಳಿದ್ದೂ ನಿಜವೇ. ಆದ್ದರಿಂದಲೇ ಆ ಜಗಳಕ್ಕೆ ಕೊನೆಯಿರಲಿಲ್ಲ. ಸ್ಟೇಷನ್ನಿನ ಗಡಿಯಾರ ಮತ್ತೊಮ್ಮೆ ಕಿಟಕಿಯಲ್ಲಿ ಬಂದು ಹೋಯಿತು.

“ಮದುವೆಯಾದಾಗಿನಿಂದ ನಾನು ಒಲೆ, ನಲ್ಲಿ, ಊಟದ ಮೇಜು, ಮತ್ತೆ ಒಲೆ ಅಂತ ಸುತ್ತಿದೀನಲ್ಲ, ಅದೇನ್ರೋ ಹಾಗಾದ್ರೆ?” ಅಂದಳು ಅಮ್ಮ.

“ಅದು ಟ್ರ್ಯಾಕು” ಅಂದ ದೊಡ್ಡವನು ಹೆಮ್ಮೆಯಿಂದ. “ಅಮ್ಮ ನನ್ನ ಕಡೆ.”

“ಮತ್ತೆ ನಿಮ್ಮಿಬ್ಬರನ್ನ ಸಾಕಿದ್ದು?”

ಅಣ್ಣತಮ್ಮಂದಿರು ಮುಖ ಮುಖ ನೋಡಿಕೊಂಡರು. “ಅದು ರ‍್ಯಾಲಿ” ಅಂದರು ಒಟ್ಟಿಗೇ. ಹುಟ್ಟಿದಾಗಿನಿಂದ ಅವರು ಒಪ್ಪಿಕೊಂಡ ಮೊದಲ ಮಾತು ಅದು.

ಅಮ್ಮನಿಗೆ ಆಗ ತಲೆ ಓಡಿತು. “ಲೋ, ಟೈರು ಸವೆದುಹೋಗಿದೆ ಕಣೋ!” ಎಂದು ಚೀರಿದಳು.

ದೊಡ್ಡವನು ತಟಕ್ಕನೆ ಪಕ್ಕಕ್ಕೆ ಹಾಕಿ ನಿಲ್ಲಿಸಿದ. ರೇಸಿನಲ್ಲಿ ಆಗುವ ಹಾಗೆ ನಾಲ್ಕು ಕಡೆಯಿಂದ ಜನ ಬಂದು ಟೈರು ಬದಲಾಯಿಸಲಿ ಎಂದು ಸ್ಟೀರಿಂಗ್ ಹಿಡಿದು ನೆಟ್ಟಗೆ ಮುಂದೆ ನೋಡುತ್ತ ಕೂತ. ಓಡಿಸುವವನು ಇಳಿಯುವ ಪದ್ಧತಿ ಅವರಲ್ಲಿಲ್ಲ. “ನಮ್ಮಲ್ಲಾದ್ರೆ ನಾವೇ ಇಳಿದು ಬದಲಾಯಿಸ್ಬೇಕು, ಗೊತ್ತಾ?” ಎಂದು ಚಿಕ್ಕವನು ಕೂತಲ್ಲಿಂದಲೇ ಶುರುಮಾಡಿದ. ಅಷ್ಟರಲ್ಲಿ ಅಮ್ಮ ಚೀಲ ಎತ್ತಿಕೊಂಡು ಇಳಿದು, ಬಾಗಿಲು ಹಾಕಿ, ಟೈರು ಹಾಕಿಯಾಯಿತು, ಹೊರಡು ಎಂಬಂತೆ ಕಾರಿನ ತಲೆಗೆ ಎರಡು ಗುದ್ದು ಗುದ್ದಿದಳು. ಬಿಟ್ಟ ಬಾಣದ ಹಾಗೆ ಹೊರಟಿತು ಕಾರು.

ಅರ್ಧ ಸುತ್ತಿನಲ್ಲಿ ಇಬ್ಬರಿಗೂ ಹಿಂದಿನ ಸೀಟು ಖಾಲಿಯಿರುವುದು ಗೊತ್ತಾಯಿತು. “ಅಮ್ಮಾ, ಬೀಸಮ್ಮಾ! ಬಟ್ಟೆ ಬೀಸು!” ಎಂದು ಎರಡು ಕಿಟಕಿಯಿಂದ ಎರಡು ತಲೆ ಕೂಗುತ್ತ ಹಾದುಹೋದವು. ಅಮ್ಮ ರಸ್ತೆಯಂಚಿನಲ್ಲಿ ನಿಂತು ಚೌಕಳಿ ಬಟ್ಟೆಯನ್ನು ಎತ್ತಿದಳು. ಎತ್ತಿ, ಕತ್ತಿನ ಬೆವರು ಒರೆಸಿಕೊಂಡಳು. ಆಮೇಲೆ ಅದರಲ್ಲಿ ಫೋಟೋವನ್ನು ಜೋಪಾನವಾಗಿ ಸುತ್ತಿ, ಚೀಲಕ್ಕಿಟ್ಟು, ಸ್ಟೇಷನ್ ಒಳಗೆ ಹೋದಳು.

ಟಿಕೆಟ್ ಕೊಡುವವನು ಊರಿನ ಹೆಸರು ಕೇಳಿಕೊಂಡ. “ಹೋಗಿ ಬರೋದಕ್ಕಾಮ್ಮ?”

ಹೊರಗೆ ಕಾರು ಇನ್ನೊಮ್ಮೆ ಹಾದುಹೋದ ಸದ್ದು ಕೇಳಿಸಿತು.

“ಹೋಗೋದಕ್ಕೆ ಮಾತ್ರ ಕೊಡಪ್ಪ” ಅಂದಳು ಅಮ್ಮ.